ಮೂವತ್ತೊಂದು ಪಿನ್‌ಗಳ ಅಂಗಡಿ

ಎಸ್ಟಾನ್ಸಿಯಾ ಎಂಬ ಮೀನುಗಾರರ ಊರಿನ ಒಣಮೀನು ಪೇಟೆಯ ಹಿಂದಿನ ಓಣಿಯಲ್ಲಿ ಪುರಿಂಗ್ ಎಂಬವಳ ಅಂಗಡಿ. ಕಬ್ಬಿಣದ ಸರಳಿನ ಕಿಟಕಿ, ಅದರ ಹಿಂದೆ ಬಿಡಿ ಸಿಗರೇಟು, ಶಾಂಪೂ ಪೊಟ್ಟಣ, ಲೋಟದಲ್ಲಿ ಅಳೆದು ಕೊಡುವ ಎಣ್ಣೆ, ಮತ್ತು ಪುರಿಂಗಳ ತಲೆ. ಆ ತಲೆಯೊಳಗೆ ಓಣಿಯ ಮೂವತ್ತೊಂದು ಜನರ ಮೊಬೈಲ್ ವ್ಯಾಲೆಟ್ಟಿನ ಪಿನ್‌ಗಳಿದ್ದವು. ಕದ್ದವಲ್ಲ, ಅವರೇ ಒಪ್ಪಿಸಿದವು. ವ್ಯಾಲೆಟ್ಟಿಗೆ ದುಡ್ಡು ಹಾಕುವುದೂ ತೆಗೆಯುವುದೂ ಅವಳ ಕಿಟಕಿಯಲ್ಲೇ. ಜನ ಫೋನನ್ನು ಸರಳಿನ ಸಂದಿಯಿಂದ ಒಳಗೆ ತೂರಿಸಿ, "ನೀನೇ ಒತ್ತಮ್ಮ" ಎಂದು ಪಕ್ಕದವರೊಡನೆ ಹರಟೆಗೆ ನಿಲ್ಲುತ್ತಿದ್ದರು. ಕೈ ಮರೆಮಾಡಿ ಒತ್ತುವವರು ಆ ಓಣಿಯಲ್ಲಿ ಜಂಬಗಾರರು. ಪುರಿಂಗಳಿಗೂ ಈ ನಂಬಿಕೆಯ ಬಗ್ಗೆ ಒಳಗೊಳಗೇ ಹೆಮ್ಮೆಯಿತ್ತು.

ಆದರೆ ಹಿಂದಿನ ತಿಂಗಳು ಒಬ್ಬ ಮುದಿ ಮೇಷ್ಟ್ರ ಪಿಂಚಣಿಯನ್ನು ಪಿನ್ ಕೇಳಿದ ಒಂದು ಸುಳ್ಳು ಮೆಸೇಜು ನುಂಗಿದ ಮೇಲೆ ಅವಳ ನೆಮ್ಮದಿ ಹಾರಿಹೋಗಿತ್ತು. ಉಪ್ಪು ಕೇಳಿದವರಿಗೆ ಸಕ್ಕರೆ ಕೊಡುತ್ತಿದ್ದಳು. ಯಾರ ಫೋನು ಟಿಂಗ್ ಎಂದರೂ ಎಣ್ಣೆ ಅಳೆಯುವುದನ್ನು ಬಿಟ್ಟು ಅತ್ತ ತಿರುಗುತ್ತಿದ್ದಳು.

ಆ ಮಂಗಳವಾರ ಬೆಳಿಗ್ಗೆ ಡೆಲ್ಫಿನಾ ಏದುಸಿರು ಬಿಡುತ್ತ ಓಡಿಬಂದಳು. ಅವಳ ಮಗಳ ಜ್ಞಾನಸ್ನಾನದಲ್ಲಿ ಜ್ಞಾನತಾಯಿಯಾಗಿ ಮಗುವನ್ನು ಎತ್ತಿಕೊಂಡವಳು ಪುರಿಂಗ್. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು 'ಮಾರೆ' ಎಂದೇ ಕರೆಯುವುದು.

"ಮಾರೆ, ನನ್ನ ಪಿನ್ ಏನೇ? ಬೇಗ ಹೇಳು! ಇನ್ನು ಹದಿನೈದು ನಿಮಿಷಕ್ಕೆ ಅಕೌಂಟ್ ಮುಚ್ತಾರಂತೆ!"

ಪುರಿಂಗ್ ಫೋನು ಇಸಿದುಕೊಂಡು ನೋಡಿದಳು. ಮೆಸೇಜು ವ್ಯಾಲೆಟ್ ಕಂಪನಿಯ ಹೆಸರಿನಲ್ಲೇ ಬಂದು, ಅವರ ಹಳೆಯ, ನಿಜವಾದ ಮೆಸೇಜುಗಳ ಕೆಳಗೇ ಸಭ್ಯಸ್ಥನಂತೆ ಕೂತಿತ್ತು. ಡೆಲ್ಫಿನಾ ಆಗಲೇ ಲಿಂಕು ಒತ್ತಿಯಾಗಿತ್ತು. ಪುಟ ತೆರೆದು ಪಿನ್ ಕೇಳಿತ್ತು, ಇವಳಿಗೆ ನೆನಪಿರಲಿಲ್ಲ. ವ್ಯಾಲೆಟ್ಟಿನಲ್ಲಿದ್ದದ್ದು ಎರಡು ಹಂದಿ ಮಾರಿದ ದುಡ್ಡು. ಗಂಡನ ದೋಣಿಗೆ ಎಂಜಿನ್ ಕೊಳ್ಳಲು ಇಟ್ಟದ್ದು.

"ಇದು ಮೋಸ ಕಣೇ. ನಾನು ಹೇಳಲ್ಲ."

"ಕಂಪನಿ ಹೆಸರೇ ಇದೆಯಲ್ಲೇ, ಕಣ್ಣು ಕಾಣಲ್ವಾ?"

"ಕಂಪನಿಯೋರು ಹಿಂಗೆ ಮೆಸೇಜ್ ಕಳಿಸಿ ಪಿನ್ ಕೇಳಲ್ಲ."

"ನೀನೇನು ಕಂಪನಿ ಮಾಲೀಕನ ಅತ್ತೆನಾ? ದುಡ್ಡು ನಂದು, ಪಿನ್ನು ನಂದು. ಹೇಳೇ!"

ಐಸ್ ಕೊಳ್ಳಲು ಬಂದಿದ್ದ ಹೆಂಗಸರು ಹೋಗದೆ ನಿಂತರು. ಪುರಿಂಗಳಿಗೂ ಅನುಮಾನ ಹತ್ತಿತು. ಒಂದು ವೇಳೆ ಇದು ನಿಜವೇ ಆಗಿದ್ದರೆ? ತನ್ನ ಹಟಕ್ಕೆ ಎಂಜಿನ್ನೇ ಕೈತಪ್ಪಿದರೆ? ನಾಲ್ಕು ಅಂಕಿ ನಾಲಿಗೆಯ ತುದಿಯಲ್ಲೇ ಇತ್ತು. ಸುಮ್ಮಸುಮ್ಮನೆ ಡಬ್ಬಿಗಳ ಮುಚ್ಚಳ ತೆಗೆದು ಮತ್ತೆ ಮುಚ್ಚಿದಳು.

"ಈಗ ಗೊತ್ತಾಯ್ತು ಬಿಡು," ಡೆಲ್ಫಿನಾ ಎಲ್ಲರಿಗೂ ಕೇಳುವಂತೆ ಅಂದಳು, "ಊರವರ ಪಿನ್ನೆಲ್ಲ ಯಾಕೆ ತಲೇಲಿ ಇಟ್ಕೊಂಡಿದೀಯ ಅಂತ."

ಪುರಿಂಗಳಿಗೆ ಕಪಾಳಕ್ಕೆ ಹೊಡೆಸಿಕೊಂಡ ಹಾಗಾಯಿತು. ಫೋನನ್ನು ಎದೆಗವುಚಿಕೊಂಡು ಸ್ಟೂಲಿನ ಮೇಲೆ ಕೂತಳು, ಎದ್ದಳು, ಮತ್ತೆ ಕೂತಳು. ಹೊರಗೆ ಡೆಲ್ಫಿನಾ ಸರಳು ಹಿಡಿದು ಬೈಯುತ್ತಲೇ ಇದ್ದಳು. ಹದಿನೈದು ನಿಮಿಷ ಕಳೆಯಿತು. ಇಪ್ಪತ್ತೂ ಕಳೆಯಿತು. ಆಗ ಪುರಿಂಗ್ ತನ್ನ ವ್ಯಾಲೆಟ್ಟಿನಿಂದ ಡೆಲ್ಫಿನಾಳಿಗೆ ಹತ್ತು ಪೆಸೊ ಕಳಿಸಿದಳು. ದುಡ್ಡು ಅವಳ ಅಕೌಂಟಿಗೆ ಹೋಗಿ ಸೇರಿತು. ಡೆಲ್ಫಿನಾಳ ಫೋನಿನಲ್ಲಿ ಪಿನ್ ಒತ್ತಿ ಒಳಗೆ ನೋಡಿದರೆ ಹಂದಿಯ ದುಡ್ಡೂ ಹಾಗೇ ಇತ್ತು. ಅಕೌಂಟು ಮುಚ್ಚಿರಲಿಲ್ಲ.

"ಅಯ್ಯೋ ಮಾರೆ, ಬಾಯಿಗೆ ಬಂದಂಗೆ ಅಂದ್ಬಿಟ್ಟೆ," ಡೆಲ್ಫಿನಾ ಅಳುವಂತಾದಳು.

ಪುರಿಂಗಳಿಗೆ ಗೆದ್ದ ಖುಷಿ ಬರಲಿಲ್ಲ. ಡೆಲ್ಫಿನಾ ಆಡಿದ್ದು ಸಿಟ್ಟಿನ ಮಾತೇ ಇರಬಹುದು, ಆದರೆ ಪೂರ್ತಿ ಸುಳ್ಳಲ್ಲ. ಇವತ್ತು ತಾನು ಬಾಯಿ ಬಿಟ್ಟಿದ್ದರೆ ಒಂದು ಮನೆ ಮುಳುಗುತ್ತಿತ್ತು. ಇನ್ನೂ ಮೂವತ್ತು ಮನೆ ತನ್ನ ನಾಲಿಗೆಯ ಮೇಲೇ ಇವೆ. ಅವಳು ಪಿನ್ ಬದಲಿಸುವ ಪುಟ ತೆರೆದು, ಹಳೆಯದನ್ನು ಒತ್ತಿ, ಫೋನನ್ನು ಹೊರಗೆ ಚಾಚಿದಳು.

"ಹೊಸದು ಹಾಕು. ನಂಗೆ ಹೇಳ್ಬೇಡ."

"ಸಿಟ್ಟಾ?"

"ಸಿಟ್ಟಲ್ವೇ. ಭಯ."

ಆ ವಾರ ಬಂದವರಿಗೆಲ್ಲ ಹಾಗೇ ಮಾಡಿದಳು. ನಾವೇನು ನಿನಗೆ ಪರಕೀಯರಾ ಎಂದು ಕೆಲವರು ಮುಖ ಊದಿಸಿಕೊಂಡು ಹೋದರು.

ಶನಿವಾರ ಡೆಲ್ಫಿನಾ ಎಂಜಿನ್ನಿನ ದುಡ್ಡು ತೆಗೆಯಲು ಬಂದಳು. ಪುರಿಂಗ್ ಅಭ್ಯಾಸಬಲದಿಂದ ಫೋನಿಗೆ ಕೈ ಚಾಚಿದಳು. ಡೆಲ್ಫಿನಾ ಕೊಡಲಿಲ್ಲ. ಅಂಗೈಯಿಂದ ಫೋನು ಮರೆಮಾಡಿಕೊಂಡು, ತುಸು ನಾಚಿಕೆಯಿಂದಲೇ ಅಂದಳು:

"ಸ್ವಲ್ಪ ಆ ಕಡೆ ನೋಡೇ, ಮಾರೆ."

ಹೇಳಿಕೊಟ್ಟವಳು ತಾನೇ. ಆದರೂ ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲು ಅರೆಗಳಿಗೆ ಹಿಡಿಯಿತು. ಪುರಿಂಗ್ ಗೋಡೆಯ ಕಡೆ ತಿರುಗಿ, ಅವಳು "ಆಯ್ತು" ಅನ್ನುವವರೆಗೂ ಹಾಗೇ ನಿಂತಿದ್ದಳು.