ಎದುರು ಟೇಬಲ್ಲಿನವನ ಅಕ್ಷರ

ನನಗೆ ಹೊಟ್ಟೆಕಿಚ್ಚು ಜಾಸ್ತಿ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸೇಡಂ ರಿಜಿಸ್ಟ್ರಿ ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ಮೂವತ್ತು ವರ್ಷದಿಂದ ಮಂದಿಯ ಆಸ್ತಿಪತ್ರ ಬರೆದುಕೊಡುವ ಬಾಂಡ್ ರೈಟರ್ ಆಗಿ ಕೂತವನು ನಾನು. ಎದುರಿನ ಟೇಬಲ್ಲು ಮಳಖೇಡದ ಬಸವಂತರಾಯನದು. ಅವನ ಅಕ್ಷರ ಮುತ್ತು ಪೋಣಿಸಿದಂತೆ, ನನ್ನದು ಕಾಗೆ ಕಾಲು ಗುಬ್ಬಿ ಕಾಲು. ಕಂಪ್ಯೂಟರ್ ಬಂದಾಗ ಇನ್ನು ಎಲ್ಲರ ಅಕ್ಷರವೂ ಒಂದೇ ಎಂದು ಒಳಗೊಳಗೇ ಹಿಗ್ಗಿದ್ದೆ. ಆದರೂ ಮಂದಿ ಕರಡನ್ನು ಅವನ ಕೈಯಲ್ಲೇ ಬರೆಸುತ್ತಾರೆ.

ಅವ್ವ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅವಳನ್ನು ಎತ್ತಿ ಕೂರಿಸುವುದು ನನಗೂ ನನ್ನ ಹೆಂಡತಿಗೂ ಆಗದಾಯಿತು. ಕಲಬುರಗಿಯಲ್ಲಿ ನರ್ಸುಗಳಿರುವ ವೃದ್ಧಾಶ್ರಮವೊಂದಿದೆ ಎಂದಾಗ ಅವ್ವನೇ ಮೊದಲು ಹೂಂ ಅಂದಳು. ತಿಂಗಳ ಖರ್ಚಿಗೆ ಅಪ್ಪನ ಪೆನ್ಶನ್ನು, ಶಹಾಬಾದಿನ ಅವಳ ಮನೆಯ ಬಾಡಿಗೆ. ಬಾಡಿಗೆ ವಸೂಲಿಗೆ, ಬ್ಯಾಂಕಿಗೆ, ಕಷ್ಟ ಬಂದರೆ ಮನೆ ಮಾರಲಿಕ್ಕೂ ಯಾರಿಗಾದರೂ ಅವಳು ಮುಕ್ತ್ಯಾರಪತ್ರ, ಅಂದರೆ ಪವರ್ ಆಫ್ ಅಟಾರ್ನಿ, ಬರೆದುಕೊಡಬೇಕಿತ್ತು. ಯಾರಿಗಾದರೂ ಎಂದರೆ ನನಗೆ, ಬರೆಯುವವನೂ ನಾನೇ ಎಂದು ನಂಬಿ ಹೊಸ ಪೆನ್ನು ಕೊಂಡೆ.

ಒಂದು ಮಧ್ಯಾಹ್ನ ಊಟಕ್ಕೆ ಬಂದರೆ ಬಾಗಿಲಲ್ಲಿ ಬಸವಂತರಾಯನ ಸ್ಕೂಟರ್! ಒಳಗೆ ಅವ್ವನ ಮಂಚದ ಪಕ್ಕ, ನನ್ನ ಕುರ್ಚಿಯಲ್ಲಿ ಕೂತು, ನನ್ನ ಕಪ್ಪಿನಲ್ಲಿ ಚಹಾ ಕುಡಿಯುತ್ತ ಬರೆಯುತ್ತಿದ್ದಾನೆ. “ಬರ್ರಿ, ಕುಂದ್ರಿ” ಎಂದು ನನ್ನ ಮನೆಯಲ್ಲಿ ನನಗೇ ಉಪಚಾರ. ಮಳಖೇಡದವರಿಗೆ ಇದು ಅವರೂರು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಕಾಲದ ಚಾಳಿ. ನರ್ಮದೆ ದಾಟಿ ದಂಡೆತ್ತಿ ಹೋದವರಿಗೆ ನಮ್ಮ ಮನೆ ಹೊಸ್ತಿಲು ಯಾವ ಲೆಕ್ಕ?

ಅವನು ಹೋದ ಮೇಲೆ ಕೇಳಿಯೇಬಿಟ್ಟೆ. “ಅವ್ವಾ, ಮನ್ಯಾಗ ನಾ ಇರ್ಲಿಲ್ಲೇನು?”

“ಅಧಿಕಾರ ನಿನಗೇ ಕೊಟ್ಟೀನಿ. ಕಾಗದಾನೂ ನೀನೇ ಬರದ್ರ ಸುಲೇಪೇಟದಾಗಿನ ನಿನ್ನ ತಂಗಿ ನಾಳೆ ಏನಂತಾಳ? ಅಣ್ಣ ತಾನೇ ಬರಕೊಂಡು ಅವ್ವನ ಸಹಿ ಹಾಕಿಸ್ಯಾನ ಅಂತಾಳ. ಊಟಕ್ಕ ಕುಂತಾಗೆಲ್ಲ ಮಂದಿ ಮನ್ಯಾಗಿನ ಇಂಥಾವೇ ಜಗಳ ಹೇಳಿದಾಂವ ನೀನೇ ಅಲ್ಲ? ಮ್ಯಾಲ, ಅವನ ಅಕ್ಷರ ಭಾಳ ಚಂದ ಅದಾವ.”

ಮೊದಲ ಮಾತಿಗೆ ಕಣ್ಣು ತುಂಬಿ ಬಂತು, ಕೊನೆಯ ಮಾತಿಗೆ ಅಲ್ಲೇ ಒಣಗಿತು. ತಪ್ಪು ಹುಡುಕಲು ಕರಡನ್ನು ಮೂರು ಸಲ ಓದಿದೆ, ಒಂದೂ ಸಿಗಲಿಲ್ಲ. ಮನೆ ಮಾರುವ ಮುಂಚೆ ಮಗಳ ಒಪ್ಪಿಗೆಯನ್ನೂ ಪಡೆಯತಕ್ಕದ್ದು ಎಂಬ ಸಾಲೂ ಅದರಲ್ಲಿತ್ತು. ನಾನು ಬರೆದಿದ್ದರೆ ಆ ಸಾಲು ಇರುತ್ತಿತ್ತೇ? ಗೊತ್ತಿಲ್ಲ, ಹೊಸ ಪೆನ್ನಿನ ಉತ್ಸಾಹದಲ್ಲಿ ಮರೆತೇಬಿಡುತ್ತಿದ್ದೆನೇನೋ.

ಅವ್ವನನ್ನು ಸೇರಿಸಲು ಕಲಬುರಗಿಗೆ ಹೋದ ದಿನ, ವೃದ್ಧಾಶ್ರಮದ ಅರ್ಜಿಯನ್ನು ಮಾತ್ರ ನಾನೇ ಕೈಯಲ್ಲಿ ತುಂಬಬೇಕಿತ್ತು. ತುರ್ತಿಗೆ ಯಾರನ್ನು ಕರೆಯಬೇಕು? ನನ್ನ ಹೆಸರು ಬರೆದೆ. ಪಕ್ಕದಲ್ಲಿ ‘ಸಂಬಂಧ’ ಎಂಬ ಕಾಲಮ್ಮು. ಹೊಸ ಪೆನ್ನಿನಿಂದ ನಿಧಾನವಾಗಿ, ದುಂಡಗೆ ಬರೆದೆ: ಮಗ.

ಅವ್ವ ಕನ್ನಡಕ ಹಾಕಿಕೊಂಡು ನೋಡಿದಳು. “ಇಷ್ಟು ಚಂದ ಬರ್ತಿತ್ತಂದ್ರ ಇಷ್ಟು ದಿನ ಯಾಕ ಬರೀಲಿಲ್ಲೋ?”

ಬಸವಂತರಾಯ ಎಷ್ಟೇ ಚಂದ ಬರೆಯಲಿ, ಆ ಕಾಲಮ್ಮಿನಲ್ಲಿ ಈ ಎರಡಕ್ಷರ ಬರೆಯಲಾರ ಎಂದು ಗೆದ್ದವನಂತೆ ಹೊರಬಂದೆ. ಅವಳನ್ನು ಅಲ್ಲಿ ಬಿಟ್ಟುಬಂದವನೂ ಆ ಎರಡಕ್ಷರದವನೇ ಎಂಬುದು ಸೇಡಂ ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು.