ಕೂಲಂಟ್ ಬದಲಿಸುವ ದಿನದ ಸವಾರಿ

ನನ್ನ ತಮ್ಮ ಥಿನ್ಲೆಸ್ ಬಾಯಿ ಬಿಟ್ಟರೆ ಎಲ್ಲಿ ಮುತ್ತು ಉದುರಿಹೋಗುತ್ತದೋ ಅನ್ನುವಂಥ ಮನುಷ್ಯ. ಲೇಹ್‌ನಲ್ಲಿ ಟ್ಯಾಕ್ಸಿ ಓಡಿಸುತ್ತಲೇ ತಲೆ ನೆರೆಯಿತು. ಪ್ರವಾಸಿಗರು ಏನು ಕೇಳಿದರೂ ‘ಹೂಂ’, ಇಲ್ಲವೇ ‘ಉಹೂಂ’. ಹರೆಯದಲ್ಲಿ ಲಾರಿ ಓಡಿಸುವಾಗ ಸಂಜೆಯಾದರೆ ರೇಡಿಯೇಟರಿನ ನೀರನ್ನೆಲ್ಲ ಬಸಿದುಬಿಡಬೇಕಿತ್ತು, ಇಲ್ಲದಿದ್ದರೆ ಹೆಪ್ಪುಗಟ್ಟಿ ಎಂಜಿನ್ನೇ ಸೀಳುತ್ತಿತ್ತು. ಬೆಳಿಗ್ಗೆ ಎದ್ದರೆ ನಾನು ಚಹಾಕ್ಕೆ ಕಾಯಿಸಿಟ್ಟ ನೀರು ಅವನ ಲಾರಿಯ ಹೊಟ್ಟೆಗೆ ಹೋಗಿರುತ್ತಿತ್ತು. ಎಷ್ಟು ಬೈದಿದ್ದೇನೋ. ಈಗ ಚಳಿಗೆ ಹೆಪ್ಪುಗಟ್ಟದ ಕೂಲಂಟ್ ದ್ರವ ಬಂದು ಆ ಪಾಡು ತಪ್ಪಿದೆ. ಆದರೂ ಅದನ್ನು ಬದಲಿಸಲು ಗ್ಯಾರೇಜಿಗೆ ಕೊಡು ಅಂದರೆ ಕೊಡುವವನಲ್ಲ. ಚಳಿ ಕಾಲಿಡುವ ಮುಂಚೆ ನಮ್ಮ ಅಂಗಳದಲ್ಲೇ, ಅವನ ಕೈಯಾರೆ ಆಗಬೇಕು.

ಅವನ ಹೆಂಡತಿ ಕುನ್ಜೆಸ್ ಕಾರಿನೊಳಗೆ ಕೂರುವುದು ಆ ಒಂದು ದಿನ ಮಾತ್ರ, ಅದೂ ಕಾರು ನಿಂತಲ್ಲೇ ನಿಂತಿರುವಾಗ. ಹಿಂದೊಮ್ಮೆ ಖರ್ದುಂಗ್ ಘಾಟಿಯಲ್ಲಿ ಇವರಿಬ್ಬರಿದ್ದ ಗಾಡಿ ಮಂಜಿನ ಮೇಲೆ ಜಾರಿ, ಪ್ರಪಾತದ ಅಂಚಿನಲ್ಲಿ ಬಂಡೆಗೆ ಆತು ನಿಂತಿತ್ತು. ಯಾರಿಗೂ ತರಚಲೂ ಇಲ್ಲ. ಆದರೆ ಅಂದಿನಿಂದ ಅವಳು ಓಡುವ ಗಾಡಿ ಹತ್ತಿಲ್ಲ. ಅವಳ ತವರು ಘಾಟಿಯ ಆಚೆ, ಸುಮೂರಿನಲ್ಲಿ. ತಾಯಿ ಅಲ್ಲಿ ಹಾಸಿಗೆ ಹಿಡಿದಿದ್ದಾಳೆ. ಈ ಸಲ ಅವಳ ಅಣ್ಣ ಫೋನ್ ಮಾಡಿ, ಅಮಾ ಈ ಚಳಿಗಾಲ ದಾಟುವುದು ಅನುಮಾನ, ಬಂದು ಮುಖ ನೋಡಿ ಹೋಗು ಅಂದ. ಇವಳು ಗಂಟು ಕಟ್ಟಿಕೊಂಡು ಕಾರಿನ ಬಾಗಿಲ ತನಕ ಹೋದಳು, ವಾಂತಿ ಮಾಡಿಕೊಂಡು ವಾಪಸು ಬಂದಳು. ನನಗೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು.

ಆ ದಿನ ಥಿನ್ಲೆಸ್ ಹಳೆಯ ಕೂಲಂಟನ್ನು ಬಸಿದು, ಆ ಸಿಹಿ ವಿಷವನ್ನು ದನ ನೆಕ್ಕದ ಹಾಗೆ ಡಬ್ಬಿಗೆ ತುಂಬಿ ಬಿಗಿದ. ಬರುವ ನೀರು ತಿಳಿಯಾಗುವ ತನಕ ರೇಡಿಯೇಟರ್ ತೊಳೆದ. ಹಸಿರು ಕೂಲಂಟನ್ನು ಶುದ್ಧ ನೀರಿನ ಜೊತೆ ಅರ್ಧಕ್ಕರ್ಧ ಬೆರೆಸಿ ಸುರಿದ. ಒಳಗೆ ಸಿಕ್ಕಿಕೊಂಡ ಗಾಳಿ ಹೊರಬರಲೆಂದು ಮುಂದಿನ ಚಕ್ರಗಳನ್ನು ಮೊದಲೇ ಕಲ್ಲಿನ ಮೇಲೆ ಹತ್ತಿಸಿದ್ದ. ರೇಡಿಯೇಟರಿನ ಮುಚ್ಚಳ ತೆಗೆದೇ ಇಟ್ಟು, ಎಂಜಿನ್ ಚಾಲೂ ಮಾಡಿ, ಹೀಟರನ್ನು ಪೂರ್ತಿ ತಿರುಗಿಸಿದ. ಗುಳ್ಳೆ ನಿಲ್ಲುವ ತನಕ ಕಾಯುವುದಷ್ಟೇ ಕೆಲಸ. ಆ ಬಿಸಿ ಗಾಳಿಯನ್ನು ಬಿಡುವುದುಂಟೇ? ಕುನ್ಜೆಸ್ ಮುಂದೆ ಕೂತಳು, ನಾನು ಉಣ್ಣೆ ನೂಲುವ ಕದಿರು ಹಿಡಿದು ಹಿಂದೆ ಕೂತೆ.

ಕಾರು ಮೂತಿ ಎತ್ತಿಕೊಂಡು ನಿಂತಿತ್ತು. ಎದುರಿಗೆ ಬಾನೆಟ್ ತೆರೆದಿದ್ದರಿಂದ ಅಂಗಳವೂ ಇಲ್ಲ, ಗೋಡೆಯೂ ಇಲ್ಲ. ಎಂಜಿನ್ನಿನ ಜೋಗುಳಕ್ಕೆ ನನ್ನ ಕೈಯ ಕದಿರು ನಿಂತುಹೋಯಿತು.

“ಏರು ಹತ್ತಿದ ಹಾಗಿದೆ,” ಅಂದಳು ಕುನ್ಜೆಸ್, ಕಣ್ಣು ಮುಚ್ಚಿಕೊಂಡೇ.

ಥಿನ್ಲೆಸ್ ಬಂದು ಪಕ್ಕದಲ್ಲಿ ಕೂತ. “ಹೂಂ. ಏರೇ. ಘಾಟಿ ಹತ್ತಿರ ಬಂತು.”

“ಮಂಜಿದೆಯಾ?”

“ಇಲ್ಲ. ಬಿಸಿಲು. ಮೇಲೆ ಮಂತ್ರದ ಪತಾಕೆ ಹಾರ್ತಿವೆ. ಇನ್ನು ಇಳಿಜಾರು. ಖರ್ದುಂಗ್ ಹಳ್ಳೀಲಿ ಚಹಾ ಕುಡಿಯೋಣ್ವಾ?”

“ಬೇಡ, ತಡ ಆಗತ್ತೆ.”

ನನ್ನ ತಮ್ಮ ಅಷ್ಟು ಮಾತಾಡಿದ್ದನ್ನು ನಾನು ಹುಟ್ಟಿದಮೇಲೆ ಕೇಳಿರಲಿಲ್ಲ. ಶ್ಯೋಕ್ ನದಿ ಬಂತು ಅಂದ, ಬಿಳಿ ಮರಳು ಅಂದ, ಸುಮೂರಿನ ಆಪ್ರಿಕಾಟ್ ಎಲೆ ಕೆಂಪಾಗಿದೆ ಅಂದ. ನಾನೂ ಎಲ್ಲವನ್ನೂ ನೋಡುತ್ತಾ ಹೋದೆ, ಅರ್ಧ ನಿದ್ದೆಯಲ್ಲಿ.

“ಮನೆ ಬಂತು. ಅಮಾ ಬಾಗಿಲಲ್ಲಿ ನಿಂತಿದ್ದಾಳೆ ನೋಡು.”

ಕುನ್ಜೆಸ್ ಕಣ್ಣು ಬಿಟ್ಟಳು. “ಸುಳ್ಳು. ಅಮಾಗೆ ಎದ್ದು ಕೂರೋಕೂ ಆಗಲ್ಲ.”

ಅವನು ಪೆಚ್ಚಾದ. ಛೆ, ಕೆಡಿಸಿದನಲ್ಲ ಅಂದುಕೊಂಡೆ.

ಆದರೆ ಅವಳೇ ಮುಂದೆ ಕೇಳಿದಳು. “ಅವಳನ್ನ ಎತ್ತಿ ಕೂರಿಸೋರು ಯಾರು?”

“ನಿನ್ನ ಅತ್ತಿಗೆ.”

“ಅವಳು ಹಿಟ್ಟಿನ ಮೂಟೆ ಎತ್ತೋ ಹಾಗೆ ಎತ್ತುತ್ತಾಳೆ. ಬೆನ್ನಿಗೆ ಕೈ ಕೊಡೋದೂ ಗೊತ್ತಿಲ್ಲ ಅವಳಿಗೆ.” ಕುನ್ಜೆಸ್ ಅಳುತ್ತಿದ್ದಳು. ಸೆರಗಿನಂತೆ ಹೊದ್ದ ಶಾಲಿನಲ್ಲಿ ಮುಖ ಒರೆಸಿಕೊಂಡಳು. “ಬಾನೆಟ್ ಮುಚ್ಚು. ನಡಿ.”

ಇಷ್ಟು ವರ್ಷ ಆ ಮಾತಿಗೆ ಕಾದವನು ಏನು ಹೇಳಬೇಕು? “ಇನ್ನೂ ಗುಳ್ಳೆ ಬರ್ತಿದೆ,” ಅಂದ.

“ಲೋ ಥಿನ್ಲೆಸ್, ನಿನ್ನ ಗುಳ್ಳೆಗಿಷ್ಟು,” ಅಂತ ನಾನು ಹಿಂದಿನಿಂದ ಗದರಿದೆ.

“ಗಾಳಿ ಉಳಿದ್ರೆ ಘಾಟೀಲಿ ಎಂಜಿನ್ ಕುದಿಯತ್ತೆ, ಅಚೆ. ಇವಳನ್ನ ಅಲ್ಲಿ ಇನ್ನೊಂದು ಸಲ ನಿಲ್ಲಿಸಲ್ಲ ನಾನು.”

ಅಕ್ಕ ಗದರಿದಳೆಂದು ಜಗ್ಗುವವನಲ್ಲ. ಅವನು ಗುಳ್ಳೆ ನಿಲ್ಲುವ ತನಕ ಕಾದ, ಕಡಿಮೆಯಾದಷ್ಟು ತುಂಬಿದ, ಮುಚ್ಚಳ ಬಿಗಿದ. ನಡುವೆ ಇವಳ ಧೈರ್ಯ ಎಲ್ಲಿ ಸೋರಿಹೋಗುತ್ತದೋ ಎಂದು ನಾನು ಅವಳನ್ನೇ ನೋಡುತ್ತಿದ್ದೆ. ಕುನ್ಜೆಸ್ ಸೀಟನ್ನು ಗಟ್ಟಿಯಾಗಿ ಹಿಡಿದು, ಮತ್ತೆ ಕಣ್ಣು ಮುಚ್ಚಿ ಕೂತಿದ್ದಳು. ಕಾರು ಮೆಲ್ಲಗೆ ಕಲ್ಲಿಳಿದು, ಗೇಟು ದಾಟಿ, ಪಾಪ್ಲರ್ ಮರಗಳ ಸಾಲಿಗೆ ಬಂತು.

“ಈಗ ಹೇಳ್ತಿದ್ದೀಯೋ, ಹೋಗ್ತಿದ್ದೀಯೋ?” ಅಂದಳು.

“ಹೋಗ್ತಿದ್ದೀನಿ.”

ಅವಳು ಕಣ್ಣು ತೆರೆಯಲಿಲ್ಲ. “ಹಾಗಾದ್ರೆ ಹೇಳ್ತಾನೂ ಇರು.”

ಮಾತೇ ಬಾರದ ನನ್ನ ತಮ್ಮ ಸುಮೂರಿನ ತನಕ ಹೇಳುತ್ತಲೇ ಹೋದ.