ಹೊತ್ತು ನೋಡಿ ಆರಿಸಿದ ಬಂದೂಕು

ನನಗೆ ಸಹಿ ಮಾಡಲು ಬರುತ್ತದೆ, ಬಸ್ಸಿನ ಬೋರ್ಡು ಓದಲು ಬರುತ್ತದೆ. ಅದರಾಚೆ ಅಕ್ಷರಗಳಿಗೂ ನನಗೂ ಹೆಚ್ಚು ಬಳಕೆಯಿಲ್ಲ. ಆದರೆ ಒಂದು ವಸ್ತುವನ್ನು ಕೈಗೆತ್ತಿಕೊಂಡರೆ ಸಾಕು, ಅದು ದಿನವಿಡೀ ನನ್ನೊಡನೆ ಬಾಳುತ್ತದೆಯೋ ಇಲ್ಲವೋ ಹೇಳಬಲ್ಲೆ. ಒನಕೆ, ಕುಡಗೋಲು, ಕೊಡ ಎಲ್ಲವನ್ನೂ ಹಾಗೆಯೇ ಆರಿಸಿದ್ದು. ಗಂಡನನ್ನು ಮಾತ್ರ ಬೇರೆಯವರು ಆರಿಸಿದರು. ತುಸು ಭಾರವೇ ಬಿದ್ದ.

ಅವನು ಬಿಟ್ಟುಹೋದ ಬಂದೂಕೂ ಅವನಂತೆಯೇ ಉದ್ದ, ಅವನಂತೆಯೇ ಸಾವಕಾಶ. ನಳಿಗೆಯ ಬಾಯಿಗೆ ಮದ್ದು ಸುರಿದು, ಚಿಂದಿ ತುರುಕಿ, ಚರೆ ಹಾಕಿ, ಸರಳಿನಿಂದ ಗುದ್ದಿ ತಯಾರು ಮಾಡುವಷ್ಟರಲ್ಲಿ ಮೊಲ ಅಲಸಂದಿ ಮೇದು, ಮೀಸೆ ಒರೆಸಿಕೊಂಡು, ಗುಡ್ಡ ಏರಿರುತ್ತಿತ್ತು. ಆದರೂ ಆ ಕಾಲದಲ್ಲಿ ಅಪರೂಪಕ್ಕೊಂದು ಮೊಲ ನಮ್ಮ ಸಾರಿಗೂ ಬರುತ್ತಿತ್ತು. ಹಿಟ್ಟಿನ ಡಬ್ಬಿ ಖಾಲಿಯಾದ ದಿನಗಳಲ್ಲಿ ಆ ಸಾರೇ ನಮ್ಮನ್ನು ಎಬ್ಬಿಸಿ ನಿಲ್ಲಿಸಿದ್ದು. ಈಗ ಕಾಯ್ದೆ ಬಂದಿದೆ. ಸದ್ದು ಮಾಡಿ ಹೆದರಿಸಬಹುದು, ಹೊಡೆಯುವಂತಿಲ್ಲ. ಇದು ಮೊಲಗಳಿಗೂ ಗೊತ್ತಾಗಿದೆ ಎಂದು ಅವು ಕೂತು ಮೇಯುವ ರೀತಿ ನೋಡಿದರೆ ಅನ್ನಿಸುತ್ತದೆ.

ಗಂಡ ಹೋದ ಮೇಲೆ ಬೆಳೆ ಕಾಯುವ ಲೈಸೆನ್ಸ್ ನನ್ನ ಹೆಸರಿಗಾಯಿತು. ತುಕ್ಕಾನಟ್ಟಿಯ ಆಚೆ, ಗುಡ್ಡದ ಬಾಜೂ ಇರುವ ಹೊಲವನ್ನು ನಾನೇ ಕಾಯುತ್ತ ಬಂದೆ. ಹೋದ ವರ್ಷ ಬಲಗೈ ಭುಜದ ಮೇಲಕ್ಕೆ ಏಳುವುದನ್ನು ನಿಲ್ಲಿಸಿತು, ಆ ಉದ್ದ ಬಂದೂಕು ಎತ್ತಲಾಗದಾಯಿತು. ಮೈದುನನ ಮಗ ಭೀಮಪ್ಪ ಇದಕ್ಕೇ ಕಾದಿದ್ದ.

"ದೊಡ್ಡವ್ವ, ಬಂದೂಕ ಠಾಣೆಕ್ಕ ಕೊಟ್ಟ ಬಿಡು. ಹೊಲ ಬ್ಯಾರೇದವರಿಗೆ ಲಾವಣಿಗೆ ಹಾಕೂಣು. ನೀ ಮನ್ಯಾಗ ಟೀವಿ ನೋಡ್ಕೋತ ಕುಂದರು."

"ಟೀವಿ ನೋಡಾಕ ಲೈಸೆನ್ಸ್ ಬೇಕಾಗಂಗಿಲ್ಲೇನ?" ಎಂದೆ. ಆದರೆ ಒಳಗೆ ಅಂಜಿಕೆ ಹೊಕ್ಕಿತು. ಬಂದೂಕು ಹೋದರೆ ಹೊಲ ಹೋಯಿತು. ಹೊಲ ಹೋದರೆ ನಾನು ಕಟ್ಟೆಯ ಮೇಲೆ ಕೂತು ಸೊಸೆಯಂದಿರ ಬಗ್ಗೆ ಮಾತಾಡುವ ಮುದುಕಿಯರ ಸಾಲಿಗೆ ಸೇರಬೇಕು. ಅವರ ಬಗ್ಗೆ ನನಗೇನೂ ತಕರಾರಿಲ್ಲ. ನನಗೆ ಸೊಸೆಯಿಲ್ಲ, ಮಾತಿಗೆ ವಿಷಯ ಸಾಲದು.

ಹಗುರ ಬಂದೂಕು ಹುಡುಕಲು ಭೀಮಪ್ಪನೂ ನಾನೂ ಗೋಕಾಕದ ಬಂದೂಕಿನ ಅಂಗಡಿಗೆ ಹೋದೆವು. ಗಂಡಸರು ಬಂದೂಕು ಆರಿಸುವುದನ್ನು ಅಂದೇ ನೋಡಿದ್ದು. ಒಂದು ಕಣ್ಣು ಮುಚ್ಚುತ್ತಾರೆ, ಗೋಡೆಯ ಕ್ಯಾಲೆಂಡರಿಗೆ ಗುರಿ ಹಿಡಿಯುತ್ತಾರೆ, ಮುಖ ಗಂಭೀರ ಮಾಡಿಕೊಳ್ಳುತ್ತಾರೆ. ಭೀಮಪ್ಪ ಜೋಡಿ ನಳಿಗೆಯದನ್ನು ಎತ್ತಿಕೊಂಡು ಇಳಿಸಲೊಲ್ಲ. ನಾನು ಕೈಚೀಲವನ್ನು ತಲೆಯ ಮೇಲಿಟ್ಟು, ಒಂದು ಕೈಯಿಂದ ಅದನ್ನು ಹಿಡಿದು, ಇನ್ನೊಂದು ಕೈಯಲ್ಲಿ ಬಂದೂಕು ಹಿಡಿದು ಅಂಗಡಿಯ ತುಂಬ ಓಡಾಡಿದೆ. ಹೊಲದಿಂದ ಬರುವಾಗ ತಲೆಯ ಮೇಲೆ ಹುಲ್ಲಿನ ಹೊರೆ ಇರುತ್ತದಲ್ಲ, ಹಾಗಾಗಿ. ಅಂಗಡಿಯವನು ನಕ್ಕ.

"ಅಜ್ಜಿ, ಬಂದೂಕ ಹಾರಿಸಿ ನೋಡ್ತಾರ್ರಿ. ಹೊತ್ಕೊಂಡ ನಡದ ನೋಡಿದವರ ನೀವ ಮೊದಲ."

"ಹಾರಿಸೂದು ರೆಪ್ಪಿ ಬಡಿಯೂದರಾಗ ಮುಗೀತೈತಪ್ಪ. ಉಳದ ಹೊತ್ತೆಲ್ಲ ಯಾರ ಹೊರಬೇಕು, ನೀ ಬರ್ತೀಯೇನ?"

ಅಲ್ಲಿ ಇದ್ದವೆಲ್ಲ ಗಬ್ಬದ ಆಡಿನಷ್ಟು ಭಾರ. ಬರಿಗೈಯಲ್ಲಿ ಬಂದೆ.

ಅಷ್ಟರಲ್ಲಿ ಎಲೆಕ್ಷನ್ ಬಂತು. ಎಲೆಕ್ಷನ್ ಬಂದರೆ ಊರೂರ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ತರಬೇಕು. ಮೂಡಲಗಿ ಠಾಣೆಯ ಅಂಗಳದಲ್ಲಿ ಒಪ್ಪಿಸುವ ದಿನ ಮುದಿ ಬಂದೂಕುಗಳೂ ಮುದಿ ಯಜಮಾನರೂ ಸಾಲಾಗಿ ನಿಂತಿರುತ್ತಾರೆ. ಯಾರಿಗೆ ಯಾರು ಆಸರೆ ಎಂದು ಹೇಳುವುದು ಕಷ್ಟ. ನನ್ನ ಮುಂದೆ ಕಲ್ಲೋಳಿಯ ಪಾರಿಸಣ್ಣ ನಿಂತಿದ್ದರು. ಜೈನರು, ಇರುವೆ ಕಂಡರೆ ಸುತ್ತು ಹಾಕಿ ನಡೆಯುವವರು. ಕೈಯಲ್ಲಿ ಕಾಯಿಪಲ್ಲೆಯ ಚೀಲ.

"ಅಣ್ಣಾರ, ಬಂದೂಕ ಎಲ್ಲಿ ಬಿಟ್ಟ ಬಂದ್ರಿ?"

ಅವರು ಚೀಲ ಬಿಚ್ಚಿದರು. ಒಳಗೆ ಎರಡು ತುಂಡು. ಒಂದಕ್ಕೊಂದು ಕೊಂಡಿ ಸಿಕ್ಕಿಸಿ ತುಸು ಒತ್ತಿದರು, ಕಟಕ್ಕೆಂದು ಬಂದೂಕಾಯಿತು. ಒಂಟಿ ನಳಿಗೆ, ನಡುವೆ ಮಡಚಿದರೆ ಬಾಯಿ ತೆರೆಯುತ್ತದೆ, ಒಂದು ತೋಟಾ ಇಟ್ಟರೆ ಮುಗಿಯಿತು. ಮದ್ದಿಲ್ಲ, ಚಿಂದಿಯಿಲ್ಲ, ಗುದ್ದಾಟವಿಲ್ಲ. ಕೈಗೆ ತೆಗೆದುಕೊಂಡೆ. ದೇವರಾಣೆ, ಲಟ್ಟಣಿಗೆ ಹಿಡಿದಂತಾಯಿತು. ಹಿಡಿಕೆ ಸವೆದು ಸವೆದು ಕೆನ್ನೆಯ ಹಾಗೆ ನುಣ್ಣಗಿತ್ತು. ಇದನ್ನು ಮಾಡಿದವನ ಮನೆಯಲ್ಲಿ ಭಾರ ಹೊರುವ ಹೆಂಗಸು ಇದ್ದಿರಬೇಕು, ಇಲ್ಲವಾದರೆ ಇಷ್ಟು ಬುದ್ಧಿ ಅವನಿಗೆ ಎಲ್ಲಿಂದ ಬರಬೇಕು. ತಲೆಯ ಮೇಲೆ ಚೀಲವಿಟ್ಟು ಠಾಣೆಯ ಅಂಗಳದಲ್ಲಿ ಒಂದು ಸುತ್ತು ಬಂದೆ. ಪೊಲೀಸಪ್ಪ ಬರೆಯುವುದನ್ನು ಬಿಟ್ಟು ನೋಡುತ್ತ ಕೂತ.

ಪಾರಿಸಣ್ಣ ಹೊಲದ ಸುತ್ತ ಮುಟ್ಟಿದರೆ ಕರೆಂಟು ಹೊಡೆಯುವ ಝಟಕಾ ತಂತಿ ಹಾಕಿಸಿದ್ದರು. ಬಂದೂಕನ್ನು ತಿರುಗಿ ಮನೆಗೆ ಒಯ್ಯುವ ಮನಸ್ಸಿರಲಿಲ್ಲ.

"ನಿನಗ ಕೊಡ್ತೇನಿ ಲಗಮವ್ವ. ಆದರ ಒಂದ ಮಾತು. ನಮ್ಮ ಅಪ್ಪನ ಕಾಲದಿಂದ ಇದು ಮ್ಯಾಲ ನೋಡೇ ಹಾರೈತಿ. ಯಾವ ಜೀವಕ್ಕೂ ಹತ್ತಿಲ್ಲ. ಇನ್ನೂ ಹತ್ತಬಾರದು."

"ಕಾಯ್ದಿನೂ ಅದನ್ನ ಅಂತೈತಿ, ನೀವೂ ಅದನ್ನ ಅಂತೀರಿ. ಒಂದ ಮೊಲಕ್ಕ ಇಬ್ಬರು ವಕೀಲರು," ಎಂದೆ. ಒಪ್ಪಿದೆ.

ಕಾಗದಪತ್ರ ಮುಗಿಯಲು ಅಲಸಂದಿ ಒಮ್ಮೆ ಬಿತ್ತಿ ಬೆಳೆಯುವಷ್ಟು ಕಾಲ ಹಿಡಿಯಿತು. ಹಳೆಯದು ಸರ್ಕಾರಕ್ಕೆ ಹೋಯಿತು, ಹಗುರಾದದ್ದು ನನ್ನ ರೊಟ್ಟಿಯ ಚೀಲಕ್ಕೆ ಬಂತು. ಈಗ ಬೆಳಗಾಗುತ್ತಲೇ ಹೊಲಕ್ಕೆ ಹೋಗುತ್ತೇನೆ. ಒಂದು ಕಡೆ ರೊಟ್ಟಿ, ಚಟ್ನಿ. ಇನ್ನೊಂದು ಕಡೆ ಬಂದೂಕಿನ ತುಂಡುಗಳು. ಬದುವಿನ ಮೇಲೆ ಕೂತು ಜೋಡಿಸುತ್ತೇನೆ, ಎಣ್ಣೆಯ ಬಟ್ಟೆಯಿಂದ ಒರೆಸುತ್ತೇನೆ, ತೊಡೆಯ ಮೇಲಿಟ್ಟುಕೊಳ್ಳುತ್ತೇನೆ. ಮೊಲ ಬರುತ್ತದೆ. ನಾನು ಮೊಣಕಾಲು ಹಿಡಿದು ಅಯ್ಯೋ ಅನ್ನುತ್ತ ಏಳುತ್ತೇನೆ. ಆ ಸದ್ದಿಗೇ ಅದು ಗುಡ್ಡ ಸೇರುತ್ತದೆ.

ಮೊನ್ನೆ ಭೀಮಪ್ಪ ಬಂದವನು ತೋಟಾದ ಡಬ್ಬಿ ತೆರೆದು ನೋಡಿದ. ತಂದಂತೆಯೇ ತುಂಬಿತ್ತು.

"ಒಂದೂ ಹಾರಿಸಿಲ್ಲಲ್ಲ ದೊಡ್ಡವ್ವ. ಮೊಲ ಓಡಸಾಕ ನೀ ನರಳೂದ ಸಾಕಾಗಿದ್ರ, ಈ ಬಂದೂಕ ಯಾಕ ಬೇಕಿತ್ತು?"

"ಇದು ಇಲ್ಲದಿದ್ರ ನೀ ನನ್ನ ಇಲ್ಲಿ ಕುಂದರಾಕ ಬಿಡ್ತಿದ್ದೇನು?"

ಅವನು ರೊಟ್ಟಿ ಮುರಿದ. ನಾನು ಚಟ್ನಿ ಮುಂದಿಟ್ಟೆ.